ಕಿರಾಣಿ ಅಂಗಡಿಯ ಹಿಂದಿನ ಒಲೆ

ಲಾಸ್ ಏಂಜಲೀಸ್‌ನ ವೆಸ್ಟ್‌ಲೇಕ್ ಅನ್ನುವ ಕಡೆ, ಮೆಕಾರ್ಥರ್ ಪಾರ್ಕ್‌ನಿಂದ ಸ್ವಲ್ಪ ದೂರ ನಡೆದರೆ ಒಂದು ಕಿರಾಣಿ ಅಂಗಡಿ ಸಿಗುತ್ತದೆ. ಅದರ ಹೆಸರು ಹೇಳುವುದಿಲ್ಲ. ಅಲ್ಲಿಗೆ ಬರುವ ಎಷ್ಟೋ ಜನರ ಹತ್ತಿರ ಕಾಗದಪತ್ರ ಇಲ್ಲ, ಅವರನ್ನು ಅವರ ಪಾಡಿಗೆ ಬಿಡುವುದು ಒಳ್ಳೆಯದು.

ಬಾಗಿಲಲ್ಲಿ ಈರುಳ್ಳಿ ಚೀಲ. ಪಕ್ಕದಲ್ಲಿ ದೊಡ್ಡ ಬಾಳೆಕಾಯಿ, ಸೀಮೆಬದನೆಕಾಯಿ. ಗಲ್ಲಾ ಹತ್ತಿರ ಊರಿಗೆ ದುಡ್ಡು ಕಳಿಸುವ ಕಿಟಕಿ. ಒಳಗೆ ಮೂರು ಸಾಲು ಕಪಾಟು: ಸಾಬೂನು, ಮೇಣದ ಬತ್ತಿ, ಡಬ್ಬಿಯೊಳಗಿನ ಕಪ್ಪು ಬೀನ್ಸ್. ಮೂರನೇ ಸಾಲು ದಾಟಿ, ಫ್ರಿಜ್ ದಾಟಿ ಹೋದರೆ ಆರು ಮೇಜು, ಒಂದು ಒಲೆ, ಒಂದು ದೊಡ್ಡ ಹಂಚು. ಅಲ್ಲಿ ಊಟ ಹಾಕುತ್ತಾರೆ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದವರ ಮನೆ ಊಟ.

ಇಂಥ ಜಾಗಕ್ಕೆ ಅವರು ಕೊಮೆಡೋರ್ ಅಂತಾರೆ. ಧಾರವಾಡದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ, ಖಾನಾವಳಿ ಅಂದರೆ ಮುಗೀತು. ಇವತ್ತು ಏನಿದೆ ಅಂತ ಕೇಳಬೇಕು, ಇರುವುದನ್ನು ಉಣ್ಣಬೇಕು. ಅಡುಗೆ ಮಾಡುವ ಹೆಂಗಸನ್ನು ಎಲ್ಲರೂ 'ಸೆನ್ಯೋ' ಅಂತ ಕರೀತಾರೆ. ನಾವು 'ಅಕ್ಕಾರ' ಅನ್ನುತ್ತೇವಲ್ಲ, ಹಾಗೆ. ನಾನೂ ಹಾಗೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ಆ ಊರಲ್ಲಿ ಕೆಲಸ ಮಾಡಿಕೊಂಡಿದ್ದ ಆರು ವರ್ಷದಲ್ಲಿ ವಾರಕ್ಕೆ ಎರಡು ಸಲವಾದರೂ ನನ್ನ ಮಧ್ಯಾಹ್ನದ ಊಟ ಅಲ್ಲೇ.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ವಿಷಯ. ಆ ಹಿಂದಿನ ಒಲೆಯನ್ನು ಮುಂದಿನ ಕಪಾಟಿನಿಂದ ಬಿಡಿಸಿ ನೋಡಿದರೆ ಆ ಊಟ ಅರ್ಥ ಆಗುವುದಿಲ್ಲ. ಜನ ಸಾಮಾನ್ಯವಾಗಿ ತಟ್ಟೆಯ ಬಗ್ಗೆ ಮಾತಾಡುತ್ತಾರೆ, ರುಚಿ ಹೇಗಿತ್ತು ಅಂತಾರೆ. ಕಪಾಟನ್ನು ಯಾರೂ ನೋಡುವುದಿಲ್ಲ.

ಬಾಳೆಹಣ್ಣಿನಿಂದ ಶುರು ಮಾಡುತ್ತೇನೆ. ಅಡುಗೆಗೆ ಬಳಸುವ ಆ ದೊಡ್ಡ ಜಾತಿಯ ಬಾಳೆ ಸಿಪ್ಪೆ ಕಪ್ಪಾಗುವ ತನಕ ಹಣ್ಣಾಗಬೇಕು. ಆಗಲೇ ಅದಕ್ಕೆ ಸಿಹಿ. ಆದರೆ ಅಂಗಡಿಯಲ್ಲಿ ಸಿಪ್ಪೆ ಕಪ್ಪಾದ ಹಣ್ಣನ್ನು ಯಾರು ಕೊಳ್ಳುತ್ತಾರೆ ಹೇಳಿ? ಮುಂದೆ ಬಿಕರಿಯಾಗದ ಆ ಹಣ್ಣು ಹಿಂದೆ ಒಲೆಗೆ ಹೋಗುತ್ತದೆ. ಬೇಯಿಸಿ, ಕಿವುಚಿ, ಒಳಗೆ ಸಕ್ಕರೆ, ದಾಲ್ಚಿನ್ನಿ ಹಾಕಿದ ಕಪ್ಪು ಬೀನ್ಸ್ ಹೂರಣ ಇಟ್ಟು ಎಣ್ಣೆಯಲ್ಲಿ ಕರಿಯುತ್ತಾರೆ. ಹೆಸರು ರೆಯೇನಿತೋಸ್. ಬೀನ್ಸ್ ಸಿಹಿಗೆ ಹೇಗೆ ಅಂತ ಮುಖ ಸಿಂಡರಿಸಬೇಡಿ, ಕಡಲೆಬೇಳೆ ಹೂರಣ ತಿನ್ನುವ ಜನ ನಾವು. ಮೆತ್ತಗಾದ ಟೊಮೆಟೊ ಕೂಡ ಹಾಗೇ, ಹಂಚಿನ ಮೇಲೆ ಸುಟ್ಟು ಮಸಾಲೆಗೆ ಹೋಗುತ್ತದೆ. ಅಂಗಡಿ ಇಲ್ಲದಿದ್ದರೆ ಆ ಅಡುಗೆ ಅಷ್ಟು ಅಗ್ಗಕ್ಕೆ ಸಿಗುವುದಿಲ್ಲ, ಅಡುಗೆ ಇಲ್ಲದಿದ್ದರೆ ಅಂಗಡಿಯ ಅರ್ಧ ತರಕಾರಿ ಕಸಕ್ಕೆ ಹೋಗುತ್ತದೆ.

ಎರಡನೇ ಸಾಲಿನ ಕಪಾಟಿನಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲಗಳು ತೂಗುತ್ತಿರುತ್ತವೆ. ಕುಂಬಳ ಜಾತಿಯ ಕಾಯಿಯ ಬೀಜ, ಅವರು ಪೆಪಿತೋರಿಯಾ ಅಂತಾರೆ. ಎಳ್ಳು. ಒಣಮೆಣಸಿನಕಾಯಿ ಎರಡು ಮೂರು ಥರ. ಗ್ವಾಕೆ ಅನ್ನುವುದು ಉದ್ದಕ್ಕೆ, ಕಡುಗೆಂಪಗೆ ಇರುತ್ತದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಬ್ಯಾಡಗಿ. ಇನ್ನೊಂದು ಪಾಸಾ, ಕಪ್ಪಗೆ, ಸ್ವಲ್ಪ ಸಿಹಿ ವಾಸನೆ. ಮೂರನೆಯದು ಕೊಬನೇರೋ, ಸಣ್ಣದು, ಹೊಗೆಯಲ್ಲಿ ಒಣಗಿಸಿದ್ದು, ಅದು ನಿಜವಾದ ಖಾರ. ಪೆಪಿತೋರಿಯಾವನ್ನು ಹುರಿದು ಪುಡಿ ಮಾಡಿಯೂ ಮಾರುತ್ತಾರೆ. ಮಾವಿನಕಾಯಿ ಹೋಳಿನ ಮೇಲೆ ನಿಂಬೆರಸ, ಉಪ್ಪು, ಈ ಪುಡಿ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಇಲ್ಲದೆ ಊಟಕ್ಕೆ ಕೂರದ ಮನೆಯಲ್ಲಿ ಬೆಳೆದ ನನಗೆ ಹುರಿದ ಬೀಜದ ಆ ವಾಸನೆ ಎಷ್ಟು ಹತ್ತಿರದ್ದು ಅನ್ನಿಸಿತು ಅಂತ ಹೇಳಲಾರೆ.

ಅದೇ ಸಾಲಿನ ಕೆಳಗಿನ ಕಪಾಟಿನಲ್ಲಿ ಇಂಕಾಪರೀನಾ ಅನ್ನುವ ಹಿಟ್ಟಿನ ಪೊಟ್ಟಣ ಇರುತ್ತದೆ. ಇದರ ಕಥೆ ಸ್ವಲ್ಪ ಹೇಳಿಬಿಡುತ್ತೇನೆ, ದಾರಿ ತಪ್ಪಿದರೂ ಪರವಾಗಿಲ್ಲ. 1949ರಲ್ಲಿ ಗ್ವಾಟೆಮಾಲಾ ನಗರದಲ್ಲಿ ಮಧ್ಯ ಅಮೆರಿಕದ ದೇಶಗಳು ಸೇರಿ ಪೌಷ್ಟಿಕತೆಗಾಗಿ ಇಂಕಾಪ್ ಅನ್ನುವ ಸಂಸ್ಥೆ ಶುರು ಮಾಡಿದವು. ಮಕ್ಕಳು ಪ್ರೋಟೀನ್ ಸಾಲದೆ ಸಾಯುತ್ತಿದ್ದರು. ಹಾಲು ದುಬಾರಿ. ಅಲ್ಲಿಯ ವಿಜ್ಞಾನಿಗಳು ಮೆಕ್ಕೆಜೋಳದ ಹಿಟ್ಟಿಗೆ ಹತ್ತಿಬೀಜದ ಹಿಟ್ಟು ಬೆರೆಸಿ, ಗಂಜಿ ಕಾಯಿಸಿ ಕುಡಿಯುವಂಥ ಅಗ್ಗದ ಪುಡಿ ಮಾಡಿದರು. ಆಮೇಲೆ ಹತ್ತಿಬೀಜದ ಜಾಗಕ್ಕೆ ಸೋಯಾ ಬಂತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಶೇಂಗಾ ಹಿಟ್ಟು, ಕಡಲೆ ಹಿಟ್ಟು ಬೆರೆಸಿ ಇಂಥದ್ದೇ ಪುಡಿ ಮಾಡುತ್ತಿದ್ದರು. ಒಂದೇ ಸಂಕಟಕ್ಕೆ ಎರಡು ದೇಶದಲ್ಲಿ ಒಂದೇ ಥರದ ಉತ್ತರ. ವ್ಯತ್ಯಾಸ ಏನಪ್ಪಾ ಅಂದ್ರೆ, ಅವರದು ಮನೆಮನೆಗೆ ಹೋಗಿ ಉಳಿದುಕೊಂಡಿತು. ಇವತ್ತಿಗೂ ಲಾಸ್ ಏಂಜಲೀಸ್‌ನಲ್ಲಿ ಕಟ್ಟಡ ಕೆಲಸಕ್ಕೆ ಹೋಗುವ ಗಂಡಸು ಬೆಳಿಗ್ಗೆ ಆರಕ್ಕೆ ಬಂದು ಬಿಸಿ ಬಿಸಿ ಇಂಕಾಪರೀನಾ ಒಂದು ಲೋಟ ಕುಡಿದು ಹೋಗುತ್ತಾನೆ. ಅವನ ಪಾಲಿಗೆ ಅದು ಚಿಕ್ಕಂದಿನಲ್ಲಿ ಅಮ್ಮ ಕೊಡುತ್ತಿದ್ದ ಗಂಜಿ.

ಈಗ ಒಲೆಗೆ ಬರೋಣ. ಸೆನ್ಯೋ ಚಿಮಾಲ್ತೆನಾಂಗೋ ಕಡೆಯವರು. ಆ ಕಡೆಯವರು ಪೆಪಿಯಾನ್ ನಮ್ಮದು ಅಂತ ಹೆಮ್ಮೆಯಿಂದ ಹೇಳುತ್ತಾರೆ. ಪೆಪಿಯಾನ್ ಅಂದರೆ ದಪ್ಪ ಸಾರು. ಹೇಗೆ ಮಾಡುತ್ತಾರೆ ಅಂತ ಪೂರ್ತಿ ಹೇಳುತ್ತೇನೆ, ಯಾಕಂದ್ರೆ ಕೇಳಿದರೇ ನಿಮಗೆ ಗೊತ್ತಾಗುತ್ತದೆ.

ಮೊದಲು ಹಂಚಿನ ಮೇಲೆ ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ ಇಟ್ಟು ಸುಡುತ್ತಾರೆ. ಎಣ್ಣೆ ಇಲ್ಲ, ಏನೂ ಇಲ್ಲ. ಸಿಪ್ಪೆ ಕಪ್ಪಾಗಬೇಕು. ಜೊತೆಗೆ ಮಿಲ್ತೊಮಾತೆ, ಕಾಗದದಂಥ ಹೊದಿಕೆ ಇರುವ ಸಣ್ಣ ಹುಳಿ ಹಸಿರು ಕಾಯಿ. ಆಮೇಲೆ ಗ್ವಾಕೆ, ಪಾಸಾ ಮೆಣಸಿನಕಾಯಿ ಬಾಡಿಸಿ ತೆಗೆಯುತ್ತಾರೆ. ಆಮೇಲೆ ಪೆಪಿತೋರಿಯಾ, ಎಳ್ಳು, ಒಂದು ತುಂಡು ದಾಲ್ಚಿನ್ನಿ. ಬೀಜ ಚಟಪಟ ಅನ್ನುವಾಗ ಅಂಗಡಿಯ ಮುಂಬಾಗಿಲ ತನಕ ವಾಸನೆ ಹೋಗುತ್ತದೆ, ಸಾಬೂನು ಕೊಳ್ಳಲು ಬಂದವರು ಹಿಂದಕ್ಕೆ ಬಂದು ಕೂರುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು. ಕೊನೆಗೆ ಹಳೇ ತೋರ್ತಿಯಾ, ಅಂದರೆ ಮೆಕ್ಕೆಜೋಳದ ರೊಟ್ಟಿ, ಒಂದೆರಡು ಹಂಚಿನ ಮೇಲೆ ಕರಕಲಾಗುವ ತನಕ ಸುಡುತ್ತಾರೆ. ಸಾರು ಗಟ್ಟಿಯಾಗುವುದಕ್ಕೆ ಅದು ಬೇಕು, ಬಣ್ಣಕ್ಕೂ ಬೇಕು. ಎಲ್ಲವನ್ನೂ ಸೇರಿಸಿ ರುಬ್ಬುತ್ತಾರೆ. ರುಬ್ಬಿದ ಈ ಮಸಾಲೆಗೆ ರೆಕಾದೋ ಅಂತ ಹೆಸರು. ಕೋಳಿ ಬೇಯಿಸಿದ ನೀರಿನಲ್ಲಿ ಅದನ್ನು ಕದಡಿ, ಕೋಳಿ ತುಂಡು, ಆಲೂಗಡ್ಡೆ, ಸೀಮೆಬದನೆಕಾಯಿ, ಬೀನ್ಸ್ ಕಾಯಿ ಹಾಕಿ ನಿಧಾನಕ್ಕೆ ಕುದಿಸುತ್ತಾರೆ.

ನೋಡಿ, ಮಸಾಲೆ ಹುರಿಯುವುದು, ಬೀಜ ಹುರಿಯುವುದು, ರುಬ್ಬುವುದು, ಕುದಿಸುವುದು. ಇದು ನಮ್ಮ ಕೈಗೂ ಗೊತ್ತಿರುವ ಕ್ರಮ. ಆದರೆ ರುಚಿ ನಮ್ಮದಲ್ಲ. ಒಂದು ಸುಟ್ಟ ಕಹಿ ಇರುತ್ತದೆ, ಅದರ ಹಿಂದೆ ಬೀಜದ ಎಣ್ಣೆಯ ಮೆತ್ತನೆ ರುಚಿ, ಕೊನೆಗೆ ಸಣ್ಣ ಹುಳಿ. ಖಾರ ಇಲ್ಲವೇ ಇಲ್ಲ ಅನ್ನಬಹುದು. ಖಾರ ಬೇಕಾದವರಿಗೆ ಮೇಜಿನ ಮೇಲೆ ಬೇರೆ ಬಟ್ಟಲಲ್ಲಿ ಇಟ್ಟಿರುತ್ತಾರೆ. ಪೆಪಿಯಾನ್, ಹಸಿರು ಬಣ್ಣದ ಹೊಕೋನ್ ಸಾರು, ಟರ್ಕಿ ಕೋಳಿಯ ಕಾಕ್ ಇಕ್ ಸಾರು, ಮೋಲೆ ಅನ್ನುವ ಗಟ್ಟಿ ಮಸಾಲೆಯಲ್ಲಿ ಹಾಕಿದ ಬಾಳೆಹಣ್ಣು, ಈ ನಾಲ್ಕನ್ನೂ 2007ರಲ್ಲಿ ಗ್ವಾಟೆಮಾಲಾ ಸರ್ಕಾರ ದೇಶದ ಸಾಂಸ್ಕೃತಿಕ ಪರಂಪರೆ ಅಂತ ಘೋಷಿಸಿತು.

ಈ ಸಭೆಯ ಮುಂದಿನ ಸಾಲಿನಲ್ಲಿ ಕೂತವರೊಬ್ಬರು ಕೇಳುತ್ತಿದ್ದಾರೆ, ಮೆಕ್ಸಿಕನ್ ಊಟಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ. ಒಳ್ಳೆಯ ಪ್ರಶ್ನೆ. ಪಕ್ಕದ ಮನೆಯವರು ಅವರು, ಗಡಿಯ ಆಚೆ ಈಚೆ ಅಡುಗೆ ಬೆರೆತೇ ಇರುತ್ತದೆ. ಆದರೂ ಗ್ವಾಟೆಮಾಲಾದ ತೋರ್ತಿಯಾ ಚಿಕ್ಕದು, ದಪ್ಪ. ಅಡುಗೆಯಲ್ಲೇ ಖಾರ ಹಾಕುವುದು ಕಡಿಮೆ. ಬೀನ್ಸ್ ಅಂದರೆ ಕಪ್ಪು ಬೀನ್ಸ್, ಅದನ್ನು ಮೊದಲ ದಿನ ಇಡಿಯಾಗಿ ಬೇಯಿಸಿ ಸಾರಿನ ಥರ ಉಣ್ಣುತ್ತಾರೆ, ಮರುದಿನ ಅರೆದು ಸೋಸುತ್ತಾರೆ, ಮೂರನೇ ದಿನ ಬಾಣಲೆಯಲ್ಲಿ ಹುರಿದು ಹುರಿದು ಮುದ್ದೆ ಮಾಡುತ್ತಾರೆ, ಬಾಣಲೆ ಬಗ್ಗಿಸಿದರೆ ಇಡೀ ಮುದ್ದೆ ಒಂದೇ ಸಲ ಮಗುಚಿಕೊಳ್ಳಬೇಕು. ಅದಕ್ಕೇ ಅದರ ಹೆಸರು ವೊಲ್ತಿಯಾದೋಸ್, ಮಗುಚಿದ್ದು ಅಂತ. ಒಂದು ಪಾತ್ರೆ ಬೀನ್ಸ್‌ಗೆ ಮೂರು ದಿನದ ಮೂರು ಊಟ. ಮನೆ ಊಟದ ಲೆಕ್ಕ ಅದು. ಹೋಟೆಲಿನವರಿಗೆ ಆ ಲೆಕ್ಕ ಬೇಡ.

ನನ್ನ ಅಮ್ಮ ಒಂದು ಸಲ ಮೂರು ತಿಂಗಳು ಬಂದಿದ್ದರು. ಗದಗದ ಕಡೆಯವರು, ಮಾಂಸ ಮುಟ್ಟುವುದಿಲ್ಲ. ಅಲ್ಲಿಗೆ ಕರೆದುಕೊಂಡು ಹೋಗಲೋ ಬೇಡವೋ ಅಂತ ಯೋಚನೆ ಮಾಡಿ ಕೊನೆಗೆ ಒಂದು ಶುಕ್ರವಾರ ಕರೆದುಕೊಂಡು ಹೋದೆ. ಅಂಗಡಿಯೊಳಗೆ ಕಾಲಿಟ್ಟವರೇ ನಿಂತುಬಿಟ್ಟರು. ಹಿಂದಿನಿಂದ ಪಟ್ ಪಟ್ ಅಂತ ಶಬ್ದ ಬರುತ್ತಿತ್ತು. ಸೆನ್ಯೋ ಎರಡು ಅಂಗೈ ನಡುವೆ ತೋರ್ತಿಯಾ ಬಡಿಯುತ್ತಿದ್ದರು. ಅಮ್ಮ ಕೇಳಿದರು, "ಯಾರೋ ರೊಟ್ಟಿ ಬಡೀಲಿಕ್ಕೆ ಹತ್ಯಾರಲ್ಲ?"

ವಾರದ ದಿನಗಳಲ್ಲಿ ತೋರ್ತಿಯಾಕ್ಕೆ ಪ್ಯಾಕೆಟ್ ಹಿಟ್ಟು. ಆದರೆ ಶನಿವಾರದ ತಮಾಲ್ ಅನ್ನುವ ಕಡುಬಿಗೆ ಶುಕ್ರವಾರವೇ ಮೆಕ್ಕೆಜೋಳ ಬೇಯಿಸಿ ನೆನೆಯಿಡುತ್ತಾರೆ. ದೊಡ್ಡ ಪಾತ್ರೆಯ ಬಿಳಿ ನೀರು ನೋಡಿ ಅಮ್ಮನಿಗೆ ಅನುಮಾನ. ನಾನು ಹೇಳಿದೆ, ಅದು ಸುಣ್ಣದ ನೀರು ಅಂತ. "ಸುಣ್ಣ? ಎಲಿ ಅಡಿಕಿಗೆ ಹಚ್ಚೋ ಸುಣ್ಣನ ಏನ?" ಅಂದರು. ಹೌದು, ಹೆಚ್ಚುಕಡಿಮೆ ಅದೇ.

ಇದು ಆ ಜನರ ದೊಡ್ಡ ಜಾಣತನ, ಇಲ್ಲಿ ಸ್ವಲ್ಪ ನಿಲ್ಲಬೇಕು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ ರಾತ್ರಿಯಿಡೀ ಬಿಟ್ಟರೆ ಮೇಲಿನ ಸಿಪ್ಪೆ ಸಡಿಲವಾಗುತ್ತದೆ. ಬೆಳಿಗ್ಗೆ ಕೈಯಲ್ಲಿ ಉಜ್ಜಿ ತೊಳೆದರೆ ಸಿಪ್ಪೆ ಹೋಗುತ್ತದೆ. ಆಮೇಲೆ ರುಬ್ಬಿದರೆ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಸುಮ್ನೆ ಬೀಸಿದ ಮೆಕ್ಕೆಜೋಳದ ಹಿಟ್ಟು ಹಾಗೆ ಹಿಡಿಯುವುದಿಲ್ಲ, ರೊಟ್ಟಿ ಬಡಿದವರಿಗೆ ಗೊತ್ತು. ಆದರೆ ಇನ್ನೂ ದೊಡ್ಡ ವಿಷಯ ಕಣ್ಣಿಗೆ ಕಾಣುವುದಿಲ್ಲ. ಮೆಕ್ಕೆಜೋಳದಲ್ಲಿರುವ ನಯಾಸಿನ್ ಅನ್ನುವ ವಿಟಮಿನ್ ಬಹುಪಾಲು ಸುಣ್ಣ ಇಲ್ಲದೆ ನಮ್ಮ ದೇಹಕ್ಕೆ ದಕ್ಕುವುದಿಲ್ಲ. ಯುರೋಪಿನವರು ಮೆಕ್ಕೆಜೋಳ ತೆಗೆದುಕೊಂಡು ಹೋದರು, ಸುಣ್ಣದ ಕ್ರಮ ಬಿಟ್ಟು ಹೋದರು. ಆಮೇಲೆ ಸ್ಪೇನ್, ಇಟಲಿಯ ಬಡವರಿಗೆ, ಇನ್ನೂ ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರಿಗೆ, ಮೆಕ್ಕೆಜೋಳವನ್ನೇ ನೆಚ್ಚಿಕೊಂಡಿದ್ದವರಿಗೆ, ಪೆಲಾಗ್ರಾ ಅನ್ನುವ ರೋಗ ಬಂತು. ಚರ್ಮ ಸುಲಿದು, ಬುದ್ಧಿ ಕೆಟ್ಟು ಸತ್ತರು. ಸಾವಿರಾರು ವರ್ಷದಿಂದ ಅದನ್ನೇ ತಿನ್ನುತ್ತಿದ್ದ, ಗ್ವಾಟೆಮಾಲಾ ಸೀಮೆಯ ಮೂಲನಿವಾಸಿಗಳಾದ ಮಾಯಾ ಜನರಿಗೆ ಆ ರೋಗದ ಕಾಟ ಇರಲಿಲ್ಲ. ಅವರ ಹೆಂಗಸರಿಗೆ ವಿಟಮಿನ್ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಅಮ್ಮನ ಊಟದ ಸಮಸ್ಯೆ ಬೇರೆ ಇತ್ತು. ಬೀನ್ಸ್ ಹುರಿಯುವುದಕ್ಕೆ ಎಷ್ಟೋ ಕಡೆ ಹಂದಿ ಕೊಬ್ಬು ಹಾಕುತ್ತಾರೆ, ತಮಾಲ್ ಹಿಟ್ಟಿಗಂತೂ ಹಾಕಿಯೇ ಹಾಕುತ್ತಾರೆ. ನಾನು ವಿಷಯ ಹೇಳಿದೆ. ಸೆನ್ಯೋ ಏನೂ ಮಾತಾಡದೆ ಬೇರೆ ಬಾಣಲೆ ತೊಳೆದು ಎಣ್ಣೆಯಲ್ಲಿ ಬೀನ್ಸ್ ಹುರಿದರು, ಅನ್ನ ಹಾಕಿದರು, ಬಾಳೆಹಣ್ಣು ಕರಿದರು, ಬಿಸಿ ತೋರ್ತಿಯಾ ಬಟ್ಟೆಯಲ್ಲಿ ಸುತ್ತಿ ತಂದಿಟ್ಟರು. ಜೊತೆಗೆ ಬೇಯಿಸಿದ ಸೀಮೆಬದನೆಕಾಯಿ, ಉಪ್ಪು, ನಿಂಬೆ. ನಾವು ಚೌಚೌ ಅಂತಲೂ ಕರೆಯುವ ಈ ಕಾಯಿಯ ತವರು ಅದೇ ಸೀಮೆ, ಅವರು ಗ್ವಿಸ್ಕಿಲ್ ಅಂತಾರೆ. ಅಮ್ಮ ಐದು ತೋರ್ತಿಯಾ ತಿಂದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಊಟ ಆದ ಮೇಲೆ ಅಮ್ಮ ಎದ್ದು ಹೋಗಿ ಸೆನ್ಯೋ ಕೈ ಹಿಡಿದು ನೋಡಿದರು, ಅಂಗೈ ನಮ್ಮವರ ಅಂಗೈ ಥರವೇ ಬಡಿದು ಬಡಿದು ಗಟ್ಟಿಯಾಗಿತ್ತು.

ಅದೇ ದಿನ ಇನ್ನೊಂದು ನಡೆಯಿತು. ಅಮ್ಮನ ಚೀಲದಲ್ಲಿ ಯಾವಾಗಲೂ ನಾಲ್ಕು ಏಲಕ್ಕಿ ಇರುತ್ತವೆ. ಊಟದ ಮೇಲೆ ಬಾಯಿಗೆ ಹಾಕಿಕೊಂಡು, ಮೇಜು ಒರೆಸುತ್ತಿದ್ದ ಹುಡುಗನಿಗೂ ಒಂದು ಕೊಟ್ಟರು. ಅವನು ಮೂಸಿ ನೋಡಿದವನೇ "ಕಾರ್ದಾಮೋಮೋ" ಅಂದ. ಆ ಹುಡುಗ ಗ್ವಾಟೆಮಾಲಾದ ಆಲ್ಟಾ ವೆರಪಾಸ್ ಪ್ರಾಂತ್ಯದವನು, ಮನೆ ಮಾತು ಕೆಕ್ಚಿ ಅನ್ನುವ ಮಾಯಾ ಭಾಷೆ. ಅಪ್ಪ ಏಲಕ್ಕಿ ಕೊಯ್ಯುತ್ತಿದ್ದರಂತೆ. ಅಮ್ಮನಿಗೆ ಆಶ್ಚರ್ಯ, ನಮ್ಮ ಹಾವೇರಿ ಏಲಕ್ಕಿ ಇವನಿಗೆ ಹೇಗೆ ಗೊತ್ತು ಅಂತ.

ಕಥೆ ಹೀಗಿದೆ. 1914ರ ಹೊತ್ತಿಗೆ ಒಬ್ಬ ಜರ್ಮನ್ ತೋಟಗಾರ ಭಾರತದಿಂದ ಏಲಕ್ಕಿ ತಂದು ಆ ಹುಡುಗನ ಸೀಮೆಯ ಕೊಬಾನ್ ಗುಡ್ಡಗಳಲ್ಲಿ ನೆಟ್ಟ. ಮಳೆ, ಮಂಜು, ಮರದ ನೆರಳು ಎಲ್ಲ ನಮ್ಮ ಮಲೆನಾಡಿನ ಹಾಗೇ. ಇವತ್ತು ಜಗತ್ತಿಗೆ ಎಲ್ಲರಿಗಿಂತ ಜಾಸ್ತಿ ಏಲಕ್ಕಿ ಕಳಿಸುವ ದೇಶ ಗ್ವಾಟೆಮಾಲಾ. ಹೆಚ್ಚಿನದು ಅರಬ್ ದೇಶಗಳ ಕಾಫಿಗೆ ಹೋಗುತ್ತದೆ. ಆದರೆ ಬೆಳೆಯುವವರ ಅಡುಗೆಯಲ್ಲಿ ಅದು ಇಲ್ಲ. ಆ ಹುಡುಗ ಹೇಳಿದ, ಮನೆಯಲ್ಲಿ ಹಸಿ ಏಲಕ್ಕಿ ಮೂಟೆ ಇರುತ್ತಿತ್ತು, ತೂಗಿ ದಲ್ಲಾಳಿಗೆ ಕೊಡುತ್ತಿದ್ದೆವು, ಒಂದು ದಿನವೂ ತಿಂದಿಲ್ಲ. ನಾನು ಆಮೇಲೆ ಅಂಗಡಿಯ ಮೂರೂ ಸಾಲು ಹುಡುಕಿದೆ. ದಾಲ್ಚಿನ್ನಿ ಇತ್ತು, ಲವಂಗ ಇತ್ತು, ಏಲಕ್ಕಿ ಇರಲಿಲ್ಲ. ಕಪಾಟು ನೋಡಬೇಕು ಅಂತ ನಾನು ಹೇಳಿದ್ದು ಇದಕ್ಕೇ. ಒಂದು ದೇಶ ಏನು ಬೆಳೆಯುತ್ತದೆ ಅನ್ನುವುದು ಬೇರೆ, ಅದರ ಜನ ಯಾವುದಕ್ಕೆ ಹಂಬಲಿಸುತ್ತಾರೆ ಅನ್ನುವುದು ಬೇರೆ.

ವಾರದ ಲೆಕ್ಕ ಗೊತ್ತಿರಬೇಕು ಅಲ್ಲಿಗೆ ಹೋಗುವವರಿಗೆ. ಗುರುವಾರ ಪಾಚೆಸ್. ಮೆಕ್ಕೆಜೋಳದ ಬದಲು ಆಲೂಗಡ್ಡೆ ಅರೆದು, ಮಸಾಲೆ ಸೇರಿಸಿ, ಎಲೆಯಲ್ಲಿ ಕಟ್ಟಿ ಬೇಯಿಸಿದ್ದು. ಕೆತ್ಸಾಲ್ತೆನಾಂಗೋ ಕಡೆಯದು, ಅಲ್ಲಿ ಚಳಿ, ಆಲೂಗಡ್ಡೆ ಚೆನ್ನಾಗಿ ಬರುತ್ತದೆ. ಶನಿವಾರ ತಮಾಲ್. ನಮ್ಮ ಕಡುಬಿನ ಥರ, ಆದರೆ ಹಿಟ್ಟು ಮೊದಲೇ ಕಾಯಿಸಿ ಮೆತ್ತಗೆ ಮಾಡಿರುತ್ತಾರೆ. ಒಳಗೆ ಕೆಂಪು ಮಸಾಲೆ, ಒಂದು ಮಾಂಸದ ತುಂಡು, ಒಂದು ಆಲಿವ್ ಕಾಯಿ. ಗ್ವಾಟೆಮಾಲಾದಲ್ಲಿ ಶನಿವಾರ ಸಂಜೆ ತಮಾಲ್ ಮಾರುವ ಮನೆ ಮುಂದೆ ಕೆಂಪು ದೀಪ ಹಚ್ಚುತ್ತಾರೆ. ಬೋರ್ಡು ಬೇಕಿಲ್ಲ, ದೀಪ ಕಂಡರೆ ತಮಾಲ್ ಇದೆ ಅಂತ ಅರ್ಥ. ಸೆನ್ಯೋ ಕೂಡ ಶನಿವಾರ ಫ್ರಿಜ್ ಮೇಲೆ ಒಂದು ಕೆಂಪು ಬಲ್ಬ್ ಹಾಕುತ್ತಾರೆ. ಬೀದಿಗೆ ಅದು ಕಾಣುವುದಿಲ್ಲ. ಒಳಗೆ ಬಂದವರಿಗಷ್ಟೇ ಕಾಣುತ್ತದೆ, ಕಂಡವರ ಮುಖ ನೋಡಬೇಕು.

ಊರಲ್ಲಿ ತಮಾಲ್ ಕಟ್ಟುವುದು ಮಶಾನ್ ಅನ್ನುವ ಅಗಲ ಎಲೆಯಲ್ಲಿ. ಇಲ್ಲಿ ಫ್ರಿಜ್‌ನಲ್ಲಿ ಹೆಪ್ಪುಗಟ್ಟಿದ ಬಾಳೆ ಎಲೆ. ಲೊರೋಕೋ ಅನ್ನುವ ಹೂಮೊಗ್ಗು ಬಾಟಲಿಯ ಉಪ್ಪುನೀರಿನಲ್ಲಿ ಬರುತ್ತದೆ. ಇದೆಲ್ಲ ಅಸಲಿಯಾ ಅಂತ ನನ್ನ ಗೆಳೆಯರು ಕೇಳುತ್ತಿದ್ದರು. ನನಗೆ ಆ ಪ್ರಶ್ನೆ ಇಷ್ಟ ಆಗುವುದಿಲ್ಲ. ಸಿಗುವುದರಲ್ಲಿ ಅಡುಗೆ ಮಾಡುವುದೇ ಮನೆ ಅಡುಗೆ. ಸೆನ್ಯೋಗೂ ಎಲೆಯ ವಾಸನೆ ಬೇರೆ ಅಂತ ಗೊತ್ತು, ಪ್ರತಿ ಶನಿವಾರ ಹೇಳುತ್ತಾರೆ, ಹೇಳಿಕೊಂಡೇ ಕಟ್ಟುತ್ತಾರೆ.

ಈ ಜನ ಲಾಸ್ ಏಂಜಲೀಸ್‌ಗೆ ಯಾಕೆ ಬಂದರು ಅನ್ನುವುದನ್ನು ಹೇಳದೆ ಮುಗಿಸಬಾರದು. 1960ರಿಂದ 1996ರ ತನಕ, 36 ವರ್ಷ, ಆ ದೇಶದಲ್ಲಿ ಅಂತರ್ಯುದ್ಧ. 2 ಲಕ್ಷಕ್ಕೂ ಹೆಚ್ಚು ಜನ ಸತ್ತರು, ಇಲ್ಲವೇ ಕಾಣೆಯಾದರು. ಅವರಲ್ಲಿ ಬಹುಪಾಲು ಮಾಯಾ ಜನ. ಹೆಚ್ಚಿನ ಕೊಲೆ ಮಾಡಿದ್ದು ಸರ್ಕಾರದ ಪಡೆಗಳೇ ಅಂತ 1999ರಲ್ಲಿ ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ ಹೇಳಿತು. ನಡುವೆ 1976ರ ಫೆಬ್ರುವರಿ 4ರ ನಸುಕಿನಲ್ಲಿ ಭೂಕಂಪ ಬೇರೆ, ಸುಮಾರು 23,000 ಸಾವು. ಊರಿಗೆ ಊರೇ ಬಿಟ್ಟು ಹೊರಟವರಿದ್ದಾರೆ. ಯುದ್ಧ ಮುಗಿದ ಮೇಲೆ ಬಡತನಕ್ಕೆ, ಬರಕ್ಕೆ, ಪುಂಡರ ವಸೂಲಿಗೆ ಹೆದರಿ ಬಂದವರು ಇನ್ನೂ ಎಷ್ಟೋ. ಆ ಆರು ಮೇಜಿನಲ್ಲಿ ಒಂದು ಮಧ್ಯಾಹ್ನ ಕೂತರೆ ಸ್ಪ್ಯಾನಿಷ್ ಜೊತೆ ಕಿಚೆ, ಕಂಜೊಬಾಲ್ ಮಾತು ಕಿವಿಗೆ ಬೀಳುತ್ತವೆ. ಆ ದೇಶದಲ್ಲಿ ಮಾಯಾ ಭಾಷೆಗಳೇ 22 ಇವೆ.

ಗಲ್ಲಾ ಪಕ್ಕದ ಆ ಕಿಟಕಿ ನೆನಪಿದೆಯಾ? ಶುಕ್ರವಾರ ಸಂಬಳದ ದಿನ ಅಲ್ಲಿ ಸರದಿ. ಹೀಗೆ ಹೊರಗಿನಿಂದ ಹೋಗುವ ದುಡ್ಡು 2023ರಲ್ಲಿ ಸುಮಾರು 2,000 ಕೋಟಿ ಡಾಲರ್, ಆ ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಪಾಲಿನಷ್ಟು. ಒಬ್ಬ ಹಿರಿಯರನ್ನು ನಾನು ವರ್ಷಗಟ್ಟಲೆ ನೋಡಿದೆ. ಮೊದಲು ಕಿಟಕಿಗೆ ಹೋಗಿ ದುಡ್ಡು ಕಳಿಸುತ್ತಿದ್ದರು, ರಸೀದಿ ಮಡಚಿ ಜೇಬಿಗೆ ಹಾಕುತ್ತಿದ್ದರು, ಆಮೇಲೆ ಹಿಂದೆ ಬಂದು ಪೆಪಿಯಾನ್ ಹೇಳುತ್ತಿದ್ದರು. ಒಂದು ದಿನ ಪಕ್ಕದಲ್ಲಿ ಜಾಗ ಸಿಕ್ಕಿತು. ಊರಿಗೆ ಹೋಗಿ ಎಷ್ಟು ದಿನ ಆಯಿತು ಅಂತ ಕೇಳಿದೆ. ಹತ್ತೊಂಬತ್ತು ವರ್ಷ ಅಂದರು. ಹೋದರೆ ಮತ್ತೆ ಬರಲು ಆಗುವುದಿಲ್ಲ, ಬರದಿದ್ದರೆ ಈ ಕಿಟಕಿಯಿಂದ ಏನು ಹೋಗುತ್ತದೆ? ಅವರ ತಾಯಿ ತೀರಿಕೊಂಡಾಗ ಫೋನಿನಲ್ಲೇ ಮಣ್ಣು ನೋಡಿದರು. ಆ ಊರಲ್ಲಿ ಸಾವಿನ ಮನೆಗೆ ಬಂದವರಿಗೆ ಪೆಪಿಯಾನ್ ಮಾಡಿ ಬಡಿಸುತ್ತಾರಂತೆ. ಅವತ್ತು ಅವರು ಇಲ್ಲಿ ಬಂದು ಅದನ್ನೇ ಉಂಡರು. ಸೆನ್ಯೋ ದುಡ್ಡು ತೆಗೆದುಕೊಳ್ಳಲಿಲ್ಲ.

ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳು ಆ ಕಡೆ ಇದ್ದಾರೆ ಅಂತ ಗೊತ್ತು. ಹೋದಾಗ ಇಂಥ ಅಂಗಡಿ ಕಂಡರೆ ಒಳಗೆ ಹೋಗಿ. ಗುರುವಾರ ಹೋದರೆ ಮಧ್ಯಾಹ್ನ ಒಂದರೊಳಗೆ ಹೋಗಿ, ಪಾಚೆಸ್ ಖಾಲಿಯಾಗುತ್ತದೆ. ಮಾಂಸ ತಿನ್ನದವರು 'ಸಿನ್ ಕಾರ್ನೆ, ಸಿನ್ ಮಾಂತೇಕಾ' ಅನ್ನಿ, ಮಾಂಸ ಬೇಡ, ಕೊಬ್ಬು ಬೇಡ ಅಂತ. ಫೋಟೋ ತೆಗೆಯುವುದಾದರೆ ತಟ್ಟೆಯದು ತೆಗೆಯಿರಿ, ಕೂತವರ ಮುಖ ಬೇಡ. ಬರುವಾಗ ಎರಡನೇ ಸಾಲಿನಲ್ಲಿ ಒಂದು ಪೊಟ್ಟಣ ಪೆಪಿತೋರಿಯಾ ಕೊಂಡುಕೊಳ್ಳಿ. ಮನೆಗೆ ಬಂದು ಹಂಚಿನ ಮೇಲೆ ಹುರಿಯಿರಿ, ಚಟಪಟ ನಿಲ್ಲುವ ತನಕ, ಉರಿ ಸಣ್ಣಗಿರಲಿ.